ಬಲಗಡೆಯ ಹೂ ಕೊಡದೆ ಕಾಪಾಡಿದ ಮಾರಮ್ಮ

ತಾಯಿಯ ಒಕ್ಕಲಾದ ಎಲ್ಲರಿಗೂ ಮಂಡ್ಯದ ಗುತ್ತಲಿನಿಂದ ಸವಿತಾಳ ನಮಸ್ಕಾರ. ಕಳೆದ ಶ್ರಾವಣದಲ್ಲಿ ನನ್ನ ಕೈಯಿಂದಲೇ ನನ್ನ ಚಿಕ್ಕಮ್ಮನಿಗೆ ದೊಡ್ಡ ಅನ್ಯಾಯ ಆಗುವುದರಲ್ಲಿತ್ತು. 

ಆಗ ನಾನು ಎಂಬಿಎ ಕೊನೆಯ ವರ್ಷದಲ್ಲಿದ್ದೆ. ಒಂದು ಕಂಪನಿ ಮುಂದೆ ಎಷ್ಟು ಗಳಿಸೀತು ಎಂದು ಅಂದಾಜು ಮಾಡಿ, ಅದರಿಂದ ಇವತ್ತಿನ ಬೆಲೆ ಕಟ್ಟುವ ಪೇಪರಿನಲ್ಲಿ ಒಮ್ಮೆ ಫೇಲಾಗಿದ್ದವಳು. ಪ್ರಾಜೆಕ್ಟಿಗೆ ನಮ್ಮವರದೇ ಕಂಪನಿಯನ್ನು ಆರಿಸಿಕೊಂಡೆ. ಗೆಜ್ಜಲಗೆರೆಯಲ್ಲಿ ಬೆಲ್ಲದ ಪುಡಿ ಮಾಡುವ ಸಣ್ಣ ಕಾರ್ಖಾನೆ ಅದು. ತೀರಿಕೊಂಡ ಚಿಕ್ಕಪ್ಪನೂ ಅವರ ತಮ್ಮ ಪುಟ್ಟಸ್ವಾಮಿಯವರೂ ಸೇರಿ ಕಟ್ಟಿದ್ದು. ಚಿಕ್ಕಪ್ಪನ ಅರ್ಧ ಪಾಲು ಈಗ ಚಿಕ್ಕಮ್ಮ ಜಯಮ್ಮನದು. ಮಳವಳ್ಳಿಯ ಅವರ ಮನೆಯಲ್ಲಿದ್ದುಕೊಂಡೇ ನಾನು ಡಿಗ್ರಿ ಮುಗಿಸಿದ್ದು.

ಪುಟ್ಟಸ್ವಾಮಿಯವರು ಕಾಫಿ ಕೊಟ್ಟು, ಹಿಂದಿನ ಒಂದು ವರ್ಷದ ಲೆಕ್ಕಪತ್ರ ಕೈಗಿಟ್ಟರು. ನಾನು ಅಷ್ಟನ್ನೇ ನಂಬಿ ಬೆಲೆ ಕಟ್ಟಿದೆ. ಕಾರ್ಖಾನೆಯೊಳಗೆ ಕಾಲಿಡಲಿಲ್ಲ. ನಮ್ಮಲ್ಲಿ ನೆಂಟರನ್ನು ಕೆದಕಿ ಕೇಳಿದರೆ ಅನುಮಾನ ಪಟ್ಟಂತೆ, ಮರ್ಯಾದೆಗೆಟ್ಟ ಕೆಲಸ. ಓದಿದ್ದು ಎಷ್ಟಿದ್ದರೇನು, ಈ ಸಂಕೋಚ ಬಿಡಲಿಲ್ಲ.

ವರದಿ ನೋಡಿದ ಪುಟ್ಟಸ್ವಾಮಿಯವರು, "ನಮ್ ಮಗೂನೇ ಓದಿ ಬರ್ದೈತೆ, ಇನ್ಯಾರ್ನ ಕೇಳ್ಬೇಕು? ಇದೇ ರೇಟ್ಗೆ ನಿಮ್ ಪಾಲು ನಾನೇ ತಕ್ಕತೀನಿ ಅತ್ಗೆ," ಅಂದುಬಿಟ್ಟರು. ಚಿಕ್ಕಮ್ಮ ನನ್ನ ಮುಖ ನೋಡಿದರು. "ನಿಮ್ ಚಿಕ್ಕಪ್ಪ ಜೀವ ತೇಯ್ದಿದ್ದು ಇಷ್ಟೇನವ್ವ? ಓಗ್ಲಿ ಬುಡು. ನೀನು ಬರ್ದಿದೀಯಲ್ಲ."

ಅವತ್ತು ರಾತ್ರಿಯೇ ಲೆಕ್ಕದ ಹಾಳೆ ಮತ್ತೆ ತೆಗೆದೆ. ಇಪ್ಪತ್ತು ಸಲ ಕೂಡಿ ಕಳೆದು ನೋಡಿದೆ, ಲೆಕ್ಕ ಸರಿಯಾಗಿಯೇ ಇತ್ತು. ಆದರೂ ಸಮಾಧಾನವಾಗಲಿಲ್ಲ. ನಾನು ಓದಿದ್ದು ಇವರ ಪಾಲು ಕಳೆಯುವುದಕ್ಕೋ ಎಂದು ಭಯವಾಗುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಮಂಡ್ಯದ ಆಡಿಟರ್ ಆಫೀಸಿನಲ್ಲಿ ಸಹಿ ಎಂದು ತೀರ್ಮಾನವಾಯಿತು. ಬೆಳಿಗ್ಗೆಯೇ ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೋಗುವ ಬಸ್ಸು ಹತ್ತಿ ತಾಯಿಯ ಗುಡಿಗೆ ಹೋದೆ. ಪೂಜಾರಪ್ಪ ವಿಗ್ರಹದ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿದರು. "ಲೆಕ್ಕ ಸರಿಯಿದ್ದರೆ ಬಲಗಡೆ ಹೂ ಕೊಡು ತಾಯಿ, ನೆಮ್ಮದಿಯಾಗಿ ಹೋಗುತ್ತೇನೆ," ಎಂದು ಕೈಮುಗಿದೆ.

ಬಲಗಡೆಯದೂ ಬೀಳಲಿಲ್ಲ, ಎಡಗಡೆಯದೂ ಬೀಳಲಿಲ್ಲ. ಅರ್ಧ ಗಂಟೆ ಕಳೆಯಿತು. ನಾನು ಮರಳಬೇಕಿದ್ದ ಬಸ್ಸು ಹೋಯಿತು. "ಅಪ್ಣೆ ಆಗ್ದೆ ಎದ್ದೋಗ್ಬಾರ್ದು, ಕೂತ್ಕೊ ಕಣಮ್ಮ," ಅಂದರು ಪೂಜಾರಪ್ಪ. ನನಗೆ ಅಳುವೂ ಬಂತು, ತಾಯಿಯ ಮೇಲೆ ಸಿಟ್ಟೂ ಬಂತು.

ಪಕ್ಕದಲ್ಲಿ ಮಗಳ ಮದುವೆಗೆಂದು ಹೂ ಕೇಳಲು ಬಂದಿದ್ದ ಹೆಂಗಸೊಬ್ಬಳು ಕೂತಿದ್ದಳು. ಹೆಸರು ಚಂದ್ರಮ್ಮ. ಹೊತ್ತು ಹೋಗಲೆಂದು ಎಲ್ಲಿ ಕೆಲಸ ಎಂದು ಕೇಳಿದೆ. ಗೆಜ್ಜಲಗೆರೆಯ ಬೆಲ್ಲದ ಪುಡಿ ಫ್ಯಾಕ್ಟರಿ ಅಂದಳು. ನಮ್ಮದೇ!

"ಓದ್ವರ್ಸ ಬಾಯ್ಲರ್ ಕೂರ್ಸಕ್ಕೆ ಅಂತ ನಾಕ್ ತಿಂಗ್ಳು ಬಾಗ್ಲು ಆಕಿದ್ರು ಕಣವ್ವ. ಕೂಲಿ ಇಲ್ದೆ ಮಗಳ್ ಮದ್ವೆ ನಿಂತೋಯ್ತು. ಈಗ ಬುಡು, ಮೂರು ಸಿಫ್ಟು ಓಡ್ತೈತೆ, ಉಸ್ರಾಡಕ್ಕೆ ಪುರ್ಸೊತ್ತಿಲ್ಲ."

 ನಾನು ಹಿಡಿದಿದ್ದು ಅದೇ ವರ್ಷದ ಲೆಕ್ಕ. ನಾಲ್ಕು ತಿಂಗಳು ಬಾಗಿಲು ಹಾಕಿದ್ದ ವರ್ಷವನ್ನು ಮಾಮೂಲಿ ವರ್ಷವೆಂದುಕೊಂಡು, ಮುಂದಿನ ಎಲ್ಲ ವರ್ಷವೂ ಕಾರ್ಖಾನೆ ಅಷ್ಟೇ ಗಳಿಸುತ್ತದೆ ಎಂದು ಬೆಲೆ ಕಟ್ಟಿದ್ದೆ.

ಹೂ ಬೀಳದಿದ್ದುದೇ ಅಪ್ಪಣೆ ಎಂದುಕೊಂಡು ತಾಯಿಗೆ ಅಡ್ಡಬಿದ್ದು, ಎದ್ದು ಓಡಿ, ಸಿಕ್ಕ ಆಟೋದಲ್ಲಿ ಮದ್ದೂರಿಗೆ ಬಂದೆ. ಚಿಕ್ಕಮ್ಮನಿಗೆ ಫೋನು ಮಾಡಿದರೆ ಎತ್ತಲಿಲ್ಲ. ಮದ್ದೂರಿನಲ್ಲಿ ಸಿಕ್ಕ ಬಸ್ಸು ಕಿಕ್ಕಿರಿದಿತ್ತು. ಗೆಜ್ಜಲಗೆರೆ ಹತ್ತಿರ ಲಾರಿಯೊಂದು ಕೆಟ್ಟು ನಿಂತು ಬಸ್ಸು ಅಲುಗಾಡಲಿಲ್ಲ. ಹನ್ನೆರಡು ದಾಟಿತು. "ಸಹಿ ತಡಿ ತಾಯಿ, ಸಹಿ ತಡಿ," ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆನೇನೋ, ಕಂಡಕ್ಟರ್ ತಿರುಗಿ ನೋಡಿದ.

ನಾನು ಒಳಗೆ ಹೋದಾಗ ಚಿಕ್ಕಮ್ಮ ಎರಡು ಹಾಳೆಗೆ ಸಹಿ ಹಾಕಿ ಆಗಿತ್ತು. ಕೊನೆಯ ಹಾಳೆ ಮುಂದಿತ್ತು.

"ಬೇಡ ಚಿಕ್ಕಮ್ಮ, ನನ್ನ ಲೆಕ್ಕ ತಪ್ಪು! ನಾಕ್ ತಿಂಗ್ಳು ಫ್ಯಾಕ್ಟ್ರಿ ಮುಚ್ಚಿದ್ದು ನಂಗೆ ಯಾರೂ ಹೇಳ್ಲಿಲ್ಲ."

"ನೀನು ಕೇಳ್ನಿಲ್ಲ," ಅಂದರು ಪುಟ್ಟಸ್ವಾಮಿಯವರು.

ಅದು ನಿಜ. ಅವರು ಬೇಕೆಂದೇ ಮುಚ್ಚಿಟ್ಟರೋ ಇಲ್ಲವೋ ತಾಯಿಗೇ ಗೊತ್ತು. ಆಡಿಟರು ಮೂರು ವರ್ಷದ ಲೆಕ್ಕ ತರಿಸಿ ನೋಡಿದರು. ಬೆಲೆ ಹೆಚ್ಚುಕಡಿಮೆ ಎರಡರಷ್ಟಾಯಿತು. ಚಿಕ್ಕಮ್ಮ ಪೆನ್ನಿನ ಮುಚ್ಚಳ ಹಾಕಿದರು. "ಇಷ್ಟು ಬಾಳ್ತೈತೆ ಅಂದ್ಮೇಲೆ ನಾನ್ಯಾಕಪ್ಪ ಮಾರ್ಲಿ? ಸೋಮಾರದಿಂದ ನಾನೂ ಫ್ಯಾಕ್ಟ್ರಿಗೆ ಬತ್ತೀನಿ."

ಈಗ ಅವರು ದಿನಾ ಮಳವಳ್ಳಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಾರೆ.

ಸಹಿ ನಿಂತ ಮರುವಾರವೇ ನನ್ನ ಮೌಖಿಕ ಪರೀಕ್ಷೆ ಇತ್ತು. ಪರೀಕ್ಷಕರು ತಿದ್ದಿದ ವರದಿ ನೋಡಿ, ಈ ತಪ್ಪು ಹೇಗೆ ಕಂಡುಹಿಡಿದೆ ಎಂದು ಕೇಳಿದರು. ಕೆಲಸಗಾರರನ್ನೇ ಮಾತಾಡಿಸಿ ತಿಳಿದುಕೊಂಡೆ ಎಂದೆ. ಹೀಗಿರಬೇಕು ವಿದ್ಯಾರ್ಥಿ ಎಂದು ಎಲ್ಲರೆದುರು ಹೊಗಳಿ ಪಾಸು ಮಾಡಿದರು. ಹಿಡಿದು ಕೂರಿಸಿದವಳು ಮಾರಮ್ಮ ಎಂದು ಅಲ್ಲಿ ಹೇಳಲು ನನಗೆ ನಾಚಿಕೆಯಾಯಿತು. ಆ ಹೊಗಳಿಕೆ ನನ್ನದಲ್ಲ ತಾಯಿ, ನಿನ್ನದು. ಅವತ್ತು ಬಾಯಿ ಬಿಡದಿದ್ದ ತಪ್ಪಿಗೆ ಇವತ್ತು ನಿನ್ನ ಮಕ್ಕಳೆಲ್ಲರ ಮುಂದೆ ಹೇಳುತ್ತಿದ್ದೇನೆ.