ಎರಡು ವಾರದ ಹಟ

ಕೂದಲು ಕತ್ತರಿಸುವ ಅಂಗಡಿ ಇಟ್ಟ ಮೇಲೆ ಬೀದಿಗೆಲ್ಲ ಅವಳು ಕತ್ತರಿಯಕ್ಕ. ಎಂಥ ರಚ್ಚೆ ಹಿಡಿದ ಮಗುವನ್ನೂ ಮಾತಿನಲ್ಲೇ ಕುರ್ಚಿಗೆ ಅಂಟಿಸುವವಳು. ಎರಡನೆಯ ಬಸುರಿನಲ್ಲಿ ಮಾತ್ರ ಅವಳ ಮಾತು ಮನೆಯಲ್ಲೇ ಸುಲಭಕ್ಕೆ ಓಡಲಿಲ್ಲ.

ಮೊದಲನೆಯದರಂತೆ ಇದೂ ಸಿಸೇರಿಯನ್ನೇ ಎಂದು ತೀರ್ಮಾನವಾಗಿತ್ತು. ಗಂಡನ ಕಾರ್ಖಾನೆಗೆ ವರ್ಷಕ್ಕೊಮ್ಮೆ ಕೊಡುವ ರಜೆ ಬರುವುದಿತ್ತು. ಡಾಕ್ಟರು ಹೇಳಿದ್ದಕ್ಕಿಂತ ಎರಡು ವಾರ ಮುಂಚೆಯಾದರೂ ಸರಿ, ಆ ರಜೆಯಲ್ಲೇ ಮುಗಿಸಿಬಿಡೋಣ ಎಂದು ಅತ್ತೆ ಹೇಳಿದರು. ಹೇಗಿದ್ದರೂ ಕೊಯ್ಯುವುದೇ ತಾನೆ, ಎಂದಾದರೇನು?

ಮೊದಲ ಮಗಳನ್ನೂ ಹೀಗೇ ಎಲ್ಲರ ಅನುಕೂಲ ನೋಡಿ ಬೇಗ ತೆಗೆಸಿದ್ದರು. ಉಸಿರಿಗೆ ಒದ್ದಾಡುತ್ತ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ ಕೂಸನ್ನು ಕತ್ತರಿಯಕ್ಕ ಹೊಲಿಗೆ ಹಿಡಿದುಕೊಂಡು ಹೋಗಿ ನೋಡಿದ್ದಳು. ಈ ಸಲ ಡಾಕ್ಟರೂ, ತೊಂದರೆಯಿಲ್ಲದಿದ್ದರೆ ಮೂವತ್ತೊಂಬತ್ತು ವಾರ ತುಂಬಲಿ, ಮಗುವಿನ ಶ್ವಾಸಕೋಶ ಬಲಿಯಲಿ ಎಂದಿದ್ದರು. ನಡುವೆ ನೋವು ಬಂದರೆ ಮಾತ್ರ ಕಾಯುವಂತಿಲ್ಲ. ಹಳೆಯ ಗಾಯ ಬಿರಿಯಬಹುದು.

"ಆಮೇಲೆ ನಿನ್ನ ಬಾಣಂತನಕ್ಕೆ ಯಾರು? ನನ್ನ ಮಂಡಿ ಕೈಕೊಟ್ಟಿದೆ," ಎಂದರು ಅತ್ತೆ.

"ನಿಮ್ಮ ಮಗ ಇದ್ದಾರಲ್ಲ."

"ಅವನಿಗೆ ರಜೆ ಇರಲ್ವಲ್ಲೇ."

"ರಜೆ ಇಲ್ದೇನೇ ನಾನು ಇಷ್ಟು ವರ್ಷ ಅಡುಗೆ ಮಾಡಿಲ್ವಾ, ಅತ್ತೆ?"

ಮೂವತ್ತೊಂಬತ್ತು ವಾರ ತುಂಬುವ ದಿನವೇ ಆಪರೇಷನ್ನಿಗೆ ಗೊತ್ತಾಯಿತು. ರಜೆ ಬಂತು. ಕತ್ತರಿಯಕ್ಕ ಅಂಗಡಿಯ ಹಳೆ ಕುರ್ಚಿಯನ್ನು ಅಡುಗೆಮನೆ ಬಾಗಿಲಿಗೆ ತರಿಸಿ ಕುಳಿತಳು. ಗಂಡ ಒಲೆಯ ಮುಂದೆ. ಒಂದೇ ಕಟ್ಟಳೆ: ಯಾವುದು ಎಲ್ಲಿದೆ ಎಂದು ಕೇಳುವಂತಿಲ್ಲ. ಕಳೆದ ಬಾಣಂತನದಲ್ಲಿ ಅವನು ಅಡುಗೆಮನೆಯಿಂದ ಕೂಗಿದಾಗಲೆಲ್ಲ ಅವಳು ಹೊಟ್ಟೆ ಅದುಮಿಕೊಂಡು ಎದ್ದುಬಂದು ಉಪ್ಪಿನ ಡಬ್ಬಿ ತೋರಿಸಿದ್ದಳು. ಅನ್ನ ಸೀದಿತು, ಹಾಲು ಉಕ್ಕಿತು. ಮಗ ಒಲೆಗೆ ಪಾಯಸ ಕುಡಿಸುತ್ತಿದ್ದಾನೆ ಎಂದು ಅತ್ತೆ ನಕ್ಕರು. ನಗುನಗುತ್ತಲೇ ಕೂತಲ್ಲಿಂದ ಬೇಳೆ ಆರಿಸಿಕೊಟ್ಟರು.

ರಜೆ ಮುಗಿಯಿತು. ಗೊತ್ತುಮಾಡಿದ ದಿನಕ್ಕೆ ಎರಡು ದಿನ ಇರುವಾಗ, ಬೆಳಿಗ್ಗೆ ಗಿರಾಕಿಯೊಬ್ಬಳ ಕೂದಲು ಅರ್ಧ ಕತ್ತರಿಸಿದ್ದಾಗ ನೋವು ಹಿಡಿಯಿತು. ಕತ್ತರಿಯಕ್ಕ ತಡಮಾಡಲಿಲ್ಲ. ಅರ್ಧ ತಲೆಯ ಆ ಗಿರಾಕಿಯೇ ಆಟೋ ಕರೆದು ಆಸ್ಪತ್ರೆಗೆ ಕೂರಿಸಿಕೊಂಡು ಹೋದಳು. ಆಪರೇಷನ್ ಮಾಡುತ್ತಲೇ, ಹೊಟ್ಟೆಯೊಳಗೆ ಹಳೆಯ ಗಾಯ ತೆಳ್ಳಗಾಗಿದೆ, ಸದ್ಯ ಬೇಗ ಬಂದಿರಿ ಎಂದರು ಡಾಕ್ಟರು. ಹಟ ಹೆಚ್ಚಾಯಿತೇನೋ ಎಂದು ಅವಳಿಗೆ ಒಮ್ಮೆ ಅನ್ನಿಸಿತು. ಅಷ್ಟರಲ್ಲಿ ಮಗು ಆಸ್ಪತ್ರೆಯೇ ಹಾರಿಹೋಗುವಂತೆ ಅತ್ತಿತು. ಈ ಸಲ ಗಾಜಿನ ಪೆಟ್ಟಿಗೆ ಬೇಕಾಗಲಿಲ್ಲ.

ಮನೆಗೆ ಬಂದ ಮರುದಿನ ಬೆಳಿಗ್ಗೆ ಮಗುವನ್ನು ಮಗ್ಗುಲಿಗೆ ಹಾಕಿಕೊಂಡು ಮಲಗಿದ್ದಳು. ಅಡುಗೆಮನೆಯಲ್ಲಿ ಡಬ್ಬಿಗಳು ಒಂದೊಂದಾಗಿ ತೆರೆದು ಮುಚ್ಚುವ ಸದ್ದು. ಗಂಡ ಕೆಲಸಕ್ಕೆ ಹೊರಡುವ ಮುನ್ನ ಏನನ್ನೋ ಹುಡುಕುತ್ತಿದ್ದ. ಉಪ್ಪೇ ಇರಬೇಕು. ಹೇಳಲು ಬಾಯಿ ತೆರೆದವಳು ಹಾಗೆಯೇ ಮುಚ್ಚಿಕೊಂಡು ಮಗುವಿನ ಉಸಿರು ಕೇಳುತ್ತ ಕಣ್ಣುಮುಚ್ಚಿದಳು.