ಚೌಕದ ಕೆಳಗಿನ ಹೆಸರು

ಚರ್ಚಾಸ್ಪರ್ಧೆಯಲ್ಲಿ ಗೆದ್ದಿದ್ದ ಹಳೆಯ ಸ್ಟೀಲ್ ಕಪ್ ತೊಳೆಯಲು ತೆಗೆದರೆ ಒಳಗೆ ಮಡಿಚಿಟ್ಟ ಕಾಗದ. ನಾಲ್ಕು ಹಾಳೆ ಸೇರಿಸಿ ಅಂಟಿಸಿದ್ದ ಗೋಂದಿನ ಮುಗ್ಗಲು ವಾಸನೆಗೆ ನಮ್ಮ ಹೈಸ್ಕೂಲಿನ ಸಮಾಜದ ಮಿಸ್ ನೆನಪಾದರು...

ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿತ್ತು. ಅವರು ನಂಜನಗೂಡಿನಿಂದ ನರಸೀಪುರಕ್ಕೆ ಬಸ್ಸಿನಲ್ಲಿ ಬರುತ್ತಿದ್ದರು. ಕೆಲಸ ಕಾಯಂ ಆಗಿರಲಿಲ್ಲ. ಚರ್ಚೆ ಎಂದರೆ ಮೇಷ್ಟ್ರು ಬರೆದುಕೊಟ್ಟಿದ್ದನ್ನು ಉರು ಹೊಡೆದು ಕೂಗುವುದು ಎಂದುಕೊಂಡಿದ್ದ ನಮ್ಮನ್ನು ಬಸ್ ಸ್ಟ್ಯಾಂಡಿನ ಸೈಬರ್ ಸೆಂಟರಿಗೆ ಕರೆದೊಯ್ದರು. ಇಂಟರ್ನೆಟ್ಟಿನ ಪುಟವೊಂದರಲ್ಲಿ ನಡುವೆ ವಿಷಯ. ಅದರಿಂದ ಗೆರೆ ಎಳೆದು ಒಂದೊಂದು ವಾದಕ್ಕೂ ಒಂದು ಚೌಕ. ಪರವಾದರೆ ಹಸಿರು, ವಿರೋಧವಾದರೆ ಕೆಂಪು, ಕೆಳಗೆ ಬರೆದವರ ಹೆಸರು. ಕನ್ನಡ ಮೂಡದೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟುತ್ತಿದ್ದೆವು. ಲಾಗಿನ್ ಒಂದೇ ಇದ್ದುದರಿಂದ ಯಾರು ಕುಟ್ಟಿದರೂ ಮಿಸ್ ಹೆಸರೇ ಬೀಳುತ್ತಿತ್ತು.

ವಿಷಯ, ಹೊಳೆಯ ಮರಳು ತೆಗೆಯಬೇಕೇ ಬೇಡವೇ. ಬಡವರ ಮನೆಗೆ ಮರಳು ಬೇಕು ಎಂದು ಗೆಳತಿ ಹಸಿರು ಚೌಕ ಹಾಕಿದಳು. ಅದರಡಿ ನಾನು ಕೆಂಪು ಹಾಕಿದೆ: ಮರಳು ಬಡವರಿಗೆ ಹೋಗುವುದಿಲ್ಲ, ಈ ಶಾಲೆ ನಡೆಸುವ ಯಜಮಾನರ ಲಾರಿಯಲ್ಲಿ ಮೈಸೂರಿಗೆ ಹೋಗುತ್ತದೆ.

"ಕಣ್ಣಾರೆ ನೋಡಿದ್ಯಾ?" ಎಂದರು ಮಿಸ್.

"ನಮ್ಮಪ್ಪನೇ ಆ ಲಾರಿ ಡ್ರೈವರು, ಮಿಸ್."

ನಿಜವಾದರೆ ಇರಲಿ ಎಂದರು. ಅಳಿಸು ಎಂದಿದ್ದರೆ...

ಪ್ರಿಂಟ್ ತೆಗೆಸಿ, ಹಾಳೆ ಅಂಟಿಸಿ, ತರಗತಿಯ ಗೋಡೆಗೆ ಹಾಕಿದರು. ಮೂರನೇ ದಿನ ಬಂದ ಯಜಮಾನರು ಅದನ್ನು ಕಿತ್ತು, ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಆ ಚೌಕದ ಮೇಲೆ ಬೆರಳಿಟ್ಟರು.

"ಯಾರು ಬರ್ದಿದ್ದು ಇದ?"

ಅಪ್ಪನ ಕೆಲಸ ನೆನೆದು ನನ್ನ ಬಾಯಿಗೆ ಬೀಗ ಬಿತ್ತು. ಮಿಸ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಕೆಳಗೆ ಹೆಸ್ರು ಅದೆಯಲ್ಲ ಸಾರ್. ನಾನೇ."

ಯಜಮಾನರು ಕಾಗದ ಮುದುರಿ ಎಸೆದರು. ಎಲ್ಲರೂ ಹೋದ ಮೇಲೆ ಎತ್ತಿಕೊಂಡೆ. ಅಷ್ಟಕ್ಕೆ ಮಾತ್ರ ಧೈರ್ಯವಿತ್ತು. ಅಂದು ಸಂಜೆಯ ಬಸ್ಸು ಹತ್ತಿದ ಮಿಸ್ ಮತ್ತೆ ಬರಲಿಲ್ಲ. ಸ್ಪರ್ಧೆಯಲ್ಲಿ ನಾನು ಹೆಡ್‌ಮೇಷ್ಟ್ರು ಬರೆದುಕೊಟ್ಟಿದ್ದನ್ನು ಉರು ಹೊಡೆದು, ಮರಳು ತೆಗೆಯಲೇಬೇಕು ಎಂದು ವಾದಿಸಿ ಗೆದ್ದೆ. ಈ ಕಪ್ ಕೊಟ್ಟವರು ಯಜಮಾನರೇ. ಬಗ್ಗಿ ಅವರ ಕಾಲಿಗೂ ಬಿದ್ದೆ. ಥೂ, ನನ್ನ ಜನ್ಮಕ್ಕೆ.

ಕಾಗದ ಸಿಕ್ಕ ಮೇಲೆ ನಂಜನಗೂಡಿನ ಕಡೆಯವರನ್ನು ವಿಚಾರಿಸಿದೆ. ಮಿಸ್ ತೀರಿಕೊಂಡು ಐದು ವರ್ಷವಾಯಿತಂತೆ. ನಮ್ಮ ಶಾಲೆ ಬಿಟ್ಟ ಮೇಲೆ ಎಲ್ಲೂ ಪಾಠ ಮಾಡಲಿಲ್ಲವಂತೆ...

ಕಾಗದ ಹರಡಿ, ಆ ಕೆಂಪು ಚೌಕದ ಕೆಳಗೆ ಅವರ ಹೆಸರು ಹೊಡೆದುಹಾಕಿ ನನ್ನ ಹೆಸರು ಬರೆದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಯಜಮಾನರೂ ಈಗಿಲ್ಲ, ಅಪ್ಪನೂ ಇಲ್ಲ. ಬರೆಯಲು ಧೈರ್ಯವೇ ಬೇಕಾಗಲಿಲ್ಲ.