ಎರಡು ಕಾರ್ಡಿನ ಬಾಗಿಲು

ನಾನು ನೋಡಲಿಲ್ಲ. ನೋಡಿದೆ ಎಂದು ಹೇಳಿದೆ. ಆ ಸುಳ್ಳಿನಿಂದ ನನ್ನ ಜೊತೆಯ ಎಂಜಿನಿಯರ್ ಮುನಿರಾಜು ತನ್ನ ಜಾಗವನ್ನೂ ಹೆಸರನ್ನೂ ಕಳೆದುಕೊಂಡ. ನನಗೆ ಪ್ರಶಸ್ತಿ ಬಂತು. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಸುತ್ತಿ ಬಳಸಿ ಎಲ್ಲೋ ಜಾರಿಕೊಳ್ಳುವವಳು ನಾನು — ಆ ಕಲೆ ನನಗೆ ಚೆನ್ನಾಗಿ ಬರುತ್ತದೆ.

ನಾವಿಬ್ಬರೂ ಉಪಗ್ರಹ ಜೋಡಿಸುವ ವಿಭಾಗದಲ್ಲಿದ್ದೆವು. ಸಂಸ್ಥೆಯ ಹೆಸರು ಬೇಡ, ತಪ್ಪು ಅದರದ್ದಲ್ಲ. ಬಾಗಲೂರಿನ ಹಳೆಯ ಒಕ್ಕಲು ಮನೆತನದ ಹುಡುಗ ಅವನು, ನಾನು ಯಲಹಂಕದವಳು. ಒಂದೇ ಆಫೀಸು ಬಸ್ಸು. ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ನಿಂತಷ್ಟು ಹೊತ್ತೂ ಅವನ ಹರಟೆ ನಿಲ್ಲುತ್ತಿರಲಿಲ್ಲ. ನನಗಿಂತ ಚಿಕ್ಕವನು. ಬಸ್ಸಿನಲ್ಲಿ ನಾನು ಪದ್ಮಕ್ಕ, ಕೆಲಸದ ಕೋಣೆಯಲ್ಲಿ ಮೇಡಂ.

ಆ ಕೋಣೆಗೆ ಕ್ಲೀನ್ ರೂಮ್ ಎನ್ನುತ್ತೇವೆ. ಒಂದು ಕಣ ಧೂಳೂ ಇರಬಾರದು. ತಲೆಯಿಂದ ಪಾದದವರೆಗೆ ಬಿಳಿ ಉಡುಪು, ಮಾಸ್ಕು, ಗ್ಲೌಸು. ಅಲ್ಲಿ ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದೇ: ಉಪಗ್ರಹವನ್ನು ಯಾರೂ ಒಬ್ಬರೇ ಮುಟ್ಟುವಂತಿಲ್ಲ. ಒಬ್ಬರ ಕೈ, ಇನ್ನೊಬ್ಬರ ಕಣ್ಣು. ಒಬ್ಬರು ತಂತಿಗಳನ್ನು ಸೇರಿಸುವ ಕನೆಕ್ಟರ್ ಕೂರಿಸಿ ಸ್ಕ್ರೂ ಬಿಗಿ ಮಾಡಿದರೆ, ಇನ್ನೊಬ್ಬರು ಬಗ್ಗಿ ನೋಡಿ 'ನೋಡಿದೆ' ಎನ್ನಬೇಕು. ಯಾರ ಕೈಯಾದರೂ ತಪ್ಪುತ್ತದೆ, ಅದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಕಣ್ಣು ಇರುವುದೇ ಅದಕ್ಕೆ.

ನನ್ನದು ಹದ್ದಿನ ಕಣ್ಣು ಎಂದು ವಿಭಾಗದಲ್ಲೆಲ್ಲ ಹೆಸರಿತ್ತು. ನನಗೂ ಅದರ ಮೇಲೆ ಸಾಕಷ್ಟು ಜಂಬವಿತ್ತು.

ಆ ದಿನ ಕೆಲಸ ಹಿಂದೆ ಬಿದ್ದಿತ್ತು. ಗಾಜಿನಾಚೆ ಹಿರಿಯರು ಬಂದು ನಿಂತಿದ್ದರು. ಮುನಿರಾಜು ಉಪಗ್ರಹದ ಮೈಯೊಳಗೆ ಕೈ ತೂರಿಸಿ ಒಂದು ಇಕ್ಕಟ್ಟಿನ ಮೂಲೆಯಲ್ಲಿ ಕನೆಕ್ಟರ್ ಕೂರಿಸಿದ. "ನೋಡಿ ಮೇಡಂ," ಎಂದು ಪಕ್ಕಕ್ಕೆ ಸರಿದ. ನಾನು ಬಗ್ಗಿದೆ. ಮಾಸ್ಕಿನೊಳಗಿನ ಉಸಿರಿಗೆ ಕನ್ನಡಕ ಪೂರ್ತಿ ಮಂಜಾಗಿತ್ತು. ಏನೂ — ಏನೆಂದರೆ ಏನೂ — ಕಾಣಲಿಲ್ಲ. ಒಳಗೆ ಕನ್ನಡಕ ಒರೆಸುವಂತಿಲ್ಲ. ಹೊರಗೆ ಹೋಗಿ, ಉಡುಪು ಕಳಚಿ, ಒರೆಸಿಕೊಂಡು, ಮತ್ತೆ ತೊಟ್ಟು ಬರಬೇಕು. ಅಷ್ಟು ಜನರ ಮುಂದೆ ಹದ್ದಿನ ಕಣ್ಣಿನವಳು 'ನನಗೆ ಕಾಣುತ್ತಿಲ್ಲ' ಎಂದು ಹೊರಗೆ ನಡೆಯುವುದೇ?

"ನೋಡಿದೆ," ಎಂದೆ.

ಕಂಪನ ಪರೀಕ್ಷೆಯಲ್ಲಿ ಆ ಕನೆಕ್ಟರ್ ಕಳಚಿಕೊಂಡಿತು. ಬಿಚ್ಚಿ ನೋಡಿದರೆ ಒಂದು ಸ್ಕ್ರೂ ಬಿಗಿಯಾಗಿರಲೇ ಇಲ್ಲ. ಸರಿಪಡಿಸಿದರು, ಉಪಗ್ರಹಕ್ಕೆ ಏನೂ ಆಗಲಿಲ್ಲ. ಆದರೆ ವಿಚಾರಣೆ ನಡೆಯಿತು. ಉದ್ದನೆಯ ಮೇಜು, ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಮುನಿರಾಜು. ಅಧ್ಯಕ್ಷರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

"ನೀವು ನೋಡ್ದಾಗ ಸರಿಯಾಗಿ ಕೂತಿತ್ತಾ ಮೇಡಂ?"

ಮುನಿರಾಜು ನನ್ನತ್ತಲೇ ನೋಡುತ್ತಿದ್ದ. ಹೆದರಿ ಅಲ್ಲ, ನಂಬಿ.

"ಕೂತಿತ್ತು ಸಾರ್."

ಆ ಮಾತಿನ ಅರ್ಥ ಏನಾಗುತ್ತದೆ ಎಂದು ನನಗೆ ಹೊಳೆದಿರಲಿಲ್ಲ ಎಂದು ಬರೆಯಬೇಕೆಂದಿದ್ದೆ. ಅದೂ ಸುಳ್ಳು. ಹೊಳೆದಿತ್ತು. ನಾನು ನೋಡಿದಾಗ ಸರಿಯಾಗಿತ್ತು ಎಂದರೆ ಆಮೇಲೆ ಯಾರೋ ಅದನ್ನು ಮುಟ್ಟಿದ್ದಾರೆ. ಕನೆಕ್ಟರ್ ಕೂರಿಸಿದ ದಿನವೇ ಊಟದ ಹೊತ್ತಿನಲ್ಲಿ ಮುನಿರಾಜು ಮರೆತಿದ್ದ ಉಪಕರಣ ತರಲು ಒಬ್ಬನೇ ಒಳಗೆ ಹೋಗಿ ಬಂದಿದ್ದ. ಅದನ್ನು ಅವನೇ ಹೇಳಿದ್ದ, ಯಾರೂ ಕೇಳುವ ಮೊದಲೇ. ಕೈ ತಪ್ಪಿದ್ದರೆ ಬುದ್ಧಿವಾದ ಹೇಳಿ ಬಿಡುತ್ತಿದ್ದರು. ಒಬ್ಬನೇ ಮುಟ್ಟಿ, ಮುಟ್ಟಿದ್ದನ್ನು ಮುಚ್ಚಿಟ್ಟ ಎನ್ನುವುದು ಬೇರೆ. ಅವನು ಕ್ಲೀನ್ ರೂಮಿಗೆ ಮತ್ತೆ ಕಾಲಿಡುವಂತಿಲ್ಲ ಎಂದಾಯಿತು. ಯೋಜನೆ ಬರೆಯುವ ಮೇಜಿಗೆ ಹಾಕಿದರು. ಮಾರನೆಯ ದಿನ ಬಸ್ಸಿನಲ್ಲಿ ಅವನು ಹಿಂದಿನ ಸೀಟಿಗೆ ಹೋದ. ಆವತ್ತಿನಿಂದ ಬಸ್ಸಿನಲ್ಲೂ ನಾನು ಮೇಡಂ ಆದೆ.

ಇನ್ನು ಪ್ರಶಸ್ತಿಯ ವಿಷಯ. ಮತ್ತೆಂದೂ ಯಾರೂ ಒಬ್ಬರೇ ಒಳಗೆ ಹೋಗದಂತೆ ಮಾಡಬೇಕೆಂದು ನಾನೇ ಸಲಹೆ ಕೊಟ್ಟೆ: ಇಬ್ಬರ ಕಾರ್ಡು ಒಟ್ಟಿಗೆ ತೋರಿಸಿದರೆ ಮಾತ್ರ ಬಾಗಿಲು ತೆರೆಯಬೇಕು. ಎಲ್ಲರೂ ಭೇಷ್ ಎಂದರು. ಉಪಗ್ರಹ ಮೇಲೇರಿ ಚೆನ್ನಾಗಿ ಕೆಲಸ ಮಾಡಿತು. ವ್ಯೋಮನೌಕೆಗಳಿಗೆ ದುಡಿದವರನ್ನು ಗೌರವಿಸುವ ಎಂಜಿನಿಯರುಗಳ ಸಂಘದವರು ಇಡೀ ತಂಡಕ್ಕೆ ಪ್ರಶಸ್ತಿ ಕೊಟ್ಟರು, ಮುನಿರಾಜು ಒಬ್ಬನನ್ನು ಬಿಟ್ಟು. ಜಾಗರೂಕತೆಗೆಂದು ನನಗೆ ಪ್ರತ್ಯೇಕವಾಗಿ ಇನ್ನೊಂದು ಕೊಟ್ಟರು. ನಡೆದೇ ಇರದ ತಪ್ಪಿಗೆ ಬೀಗ ಹಾಕಿದ್ದಕ್ಕೆ ಶಾಲು, ಹಾರ, ಫಲಕ! ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತು ಅವನೂ ಚಪ್ಪಾಳೆ ತಟ್ಟಿದ. ನಾನು ನೋಡಿದೆ. ಆವತ್ತು ಕನ್ನಡಕದಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು.

ಇದಾದ ಸ್ವಲ್ಪ ದಿನಕ್ಕೆ ಸಹಕಾರನಗರದಲ್ಲಿ ಅವನ ಹೊಸ ಮನೆಯ ಗೃಹಪ್ರವೇಶ. ಹೋಗದಿದ್ದರೆ ಜನ ಏನಾದರೂ ಅಂದುಕೊಂಡಾರೆಂದು ಹೋದೆ. ಬಾಗಿಲ ಬಳಿ ಕುರ್ಚಿಯಲ್ಲಿ ಅವನ ತಂದೆ ಕೂತಿದ್ದರು. ಮಗ ಉಪಗ್ರಹಕ್ಕೆ ಬೋಲ್ಟು ಹಾಕುತ್ತಾನೆ ಎಂದು ಬಾಗಲೂರಿನ ಟೀ ಅಂಗಡಿಯಲ್ಲಿ ದಿನಾ ಹೇಳಿಕೊಳ್ಳುತ್ತಿದ್ದವರು. ನನ್ನ ಕೈ ಹಿಡಿದುಕೊಂಡರು.

"ನಮ್ ಉಡ್ಗ ಏನ್ ತಪ್ಪು ಮಾಡ್ದ ತಾಯಿ? ಕೇಳುದ್ರೆ ಏಳಾಕಿಲ್ಲ. ಅಂಗಡೀಲಿ ಎಲ್ರೂ ಕೇಳ್ತಾರೆ, ನಾ ಏನಂತ ಏಳ್ಲಿ?"

"ಏನಿಲ್ಲ ಬಿಡಿ, ಆಫೀಸಲ್ಲಿ ಇದೆಲ್ಲ ಇದ್ದಿದ್ದೇ," ಎಂದು ಕೈ ಬಿಡಿಸಿಕೊಂಡು ಊಟಕ್ಕೆ ನಡೆದೆ. ಹೋಳಿಗೆ ಎರಡನೆಯ ಸಲವೂ ಹಾಕಿಸಿಕೊಂಡೆ. ಅದು ಈಗಲೂ ನೆನಪಿದೆ, ಅಸಹ್ಯವಾಗುತ್ತದೆ.

ವರ್ಷಗಳು ಹೋದವು. ನಾನು ನಿವೃತ್ತಳಾದೆ, ಅದೇ ಸಂಘದವರು ನನ್ನನ್ನು ಪ್ರಶಸ್ತಿಯ ಆಯ್ಕೆ ಸಮಿತಿಗೆ ಹಾಕಿಕೊಂಡರು. ಈ ಸಲ ಬಂದ ಹೆಸರುಗಳಲ್ಲಿ ಮುನಿರಾಜುವಿನದೂ ಇತ್ತು. ಯೋಜನೆಯ ಮೇಜಿನಲ್ಲಿ ಅವನ ಕೈಕೆಳಗೆ ಕಲಿತವರು ಸೂಚಿಸಿದ್ದರು. ಸಮಿತಿಯ ಸದಸ್ಯರೊಬ್ಬರು ಹುಬ್ಬು ಗಂಟಿಕ್ಕಿದರು.

"ಇವ್ರು ಆ ಒಬ್ರೇ ಹೋಗಿ ಮುಟ್ಟಿದ ಕೇಸಿನವರಲ್ವಾ? ಪದ್ಮಾ ಮೇಡಂ ಇಲ್ಲೇ ಇದಾರಲ್ಲ, ಅವರೇ ಹೇಳ್ಲಿ."

ಎಲ್ಲರೂ ನನ್ನತ್ತ ತಿರುಗಿದರು. ಮತ್ತೆ ಅದೇ ಮೇಜು, ಅದೇ ಪ್ರಶ್ನೆ. ಹೇಳಬಹುದಿತ್ತು. ಆ ಕ್ಷಣವೇ —

"ನಾಳೆ ಹೇಳ್ತೀನಿ," ಎಂದೆ.

ಆ ಸಂಜೆ ಸಹಕಾರನಗರಕ್ಕೆ ಹೋದೆ. ಮೊದಲು ಅವನಿಗೆ ಹೇಳುವುದು ನ್ಯಾಯ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜಕ್ಕೂ ಇನ್ನೊಂದು ದಿನ ತಳ್ಳುವ ಉಪಾಯ ಅದು. ಗೋಡೆಯ ಮೇಲೆ ಅವನ ತಂದೆಯ ಫೋಟೋ, ಅದಕ್ಕೊಂದು ಗಂಧದ ಹಾರ. ತೀರಿಕೊಂಡಿದ್ದು ನನಗೆ ಗೊತ್ತಿತ್ತು, ಮಾತನಾಡಿಸಲು ಬಂದಿರಲಿಲ್ಲ.

ಅವನ ಹೆಂಡತಿ ಸುಜಾತ ಕಾಫಿ ತಂದುಕೊಟ್ಟು ನಗುತ್ತ ದೂರು ಹೇಳಿದಳು. "ಇವರ ಕಥೆ ಕೇಳಿ ಮೇಡಂ. ಗ್ಯಾಸ್ ರೆಗ್ಯುಲೇಟರ್ ಹಾಕಿದ್ರೂ ನನ್ನ ಕರೆದು 'ಒಂದ್ಸಲ ನೋಡೇ' ಅಂತಾರೆ. ಬಾಗ್ಲು ಬೀಗ ಹಾಕಿದ್ರೂ ನಾನೇ ಎಳೆದು ನೋಡ್ಬೇಕು. ಇಷ್ಟೊಂದು ಅನುಮಾನದ ಎಂಜಿನಿಯರ್‌ನ ಎಲ್ಲಾದ್ರೂ ನೋಡಿದೀರಾ?"

ಕಾಫಿ ಲೋಟ ಕೆಳಗಿಟ್ಟೆ. ಹೇಳಿದೆ. ಕನ್ನಡಕ, ಮಂಜು, ನೋಡಿದೆ ಎಂದದ್ದು, ಕೂತಿತ್ತು ಎಂದದ್ದು — ತಡವರಿಸುತ್ತ ಎಲ್ಲವನ್ನೂ ಹೇಳಿದೆ. ಸುಜಾತಳ ಮುಖದ ನಗು ಹೋಯಿತು. ಅವನು ಬೈಯುತ್ತಾನೆ ಎಂದು ಕಾದೆ. ಅಷ್ಟಕ್ಕೆ ಸಿದ್ಧಳಾಗಿಯೇ ಬಂದಿದ್ದೆ. ಅವನು ತನ್ನ ಅಂಗೈ ನೋಡಿಕೊಂಡ.

"ಅಂದ್ರೆ... ನಾನು ಆಮೇಲೆ ಅದನ್ನ ಮುಟ್ಟಿರ್ಲಿಲ್ವಾ?"

ನನಗೆ ಅರ್ಥವಾಗಲಿಲ್ಲ. ಅದನ್ನು ಅವನೇ ಹೇಳಬೇಕಲ್ಲವೇ?

"ಮುಟ್ಟಿಲ್ಲ ಅಂತಾನೇ ಅಂದ್ಕೊಂಡಿದ್ದೆ," ಎಂದ. "ಆದ್ರೆ ನೀವು ಸರಿಯಾಗಿತ್ತು ಅಂದ್ರಲ್ಲ. ಪದ್ಮಕ್ಕ ನೋಡಿದಾರೆ ಅಂದ್ಮೇಲೆ ನಾನೇ ಏನೋ ಮಾಡಿ ಮರ್ತಿರ್ಬೇಕು ಅಂತ ನಂಬ್ಬಿಟ್ಟೆ. ಆಮೇಲೆ ಈ ಕೈನ ನಂಬೋಕೆ ಆಗ್ಲೇ ಇಲ್ಲ."

ಪ್ರಶಸ್ತಿ ಕಸಿದುಕೊಂಡೆ, ಹೆಸರು ಕೆಡಿಸಿದೆ ಎಂದಷ್ಟೇ ಇಷ್ಟು ವರ್ಷ ಲೆಕ್ಕ ಹಾಕಿಕೊಂಡಿದ್ದೆ. ಅವನ ಕೈಯನ್ನೇ ಅವನಿಂದ ಕಿತ್ತುಕೊಂಡಿದ್ದೆ. ಸುಳ್ಳು ಹೇಳುತ್ತಿದ್ದಾಳೆ ಎಂದು ಅವನು ಒಂದು ಸಲವಾದರೂ ನನ್ನ ಮೇಲೆ ಅನುಮಾನ ಪಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ತಪ್ಪಾಯಿತು ಎಂದೆ. ಆ ಮಾತು ಅಲ್ಲಿ ಯಾವುದಕ್ಕೂ ಸಾಲಲಿಲ್ಲ. ನಾಳೆ ಸಮಿತಿಗೆ ಹೇಳುತ್ತೇನೆ, ಆವತ್ತಿನವರಿಗೆಲ್ಲ ಹೇಳುತ್ತೇನೆ ಎಂದೆ.

"ಎಲ್ರಿಗೂ ಹೇಳಿ," ಎಂದು ಅವನು ಎದ್ದು ನಿಂತ. ಗೋಡೆಯ ಕಡೆ ನೋಡಿದ. "ನಮ್ಮಪ್ಪಂಗೆ ಯಾರ್ ಹೇಳ್ತಾರೆ ಮೇಡಂ?"

ಬಾಗಿಲವರೆಗೆ ಸುಜಾತ ಬಂದಳು. ಅವನು ಬರಲಿಲ್ಲ.

ಮಾರನೆಯ ದಿನ ಸಮಿತಿಯಲ್ಲಿ ಹೇಳಿದೆ. ಹಳೆಯ ವಿಷಯ, ನಾಲ್ಕು ಗೋಡೆಯ ಮಧ್ಯೆಯೇ ಇರಲಿ, ಮುನಿರಾಜುವಿಗೆ ಪ್ರಶಸ್ತಿ ಕೊಟ್ಟುಬಿಡೋಣ ಎಂದರು. ನಾನು ಒಪ್ಪಲಿಲ್ಲ. ಫಲಕ ಹಿಂದಿರುಗಿಸಿ ಹೊರಬಂದೆ. ಈಗ ಇದನ್ನು ಬರೆಯುತ್ತಿದ್ದೇನೆ, ಆವತ್ತು ಚಪ್ಪಾಳೆ ತಟ್ಟಿದವರೆಲ್ಲ ಓದಲಿ ಎಂದು. ಕೊಟ್ಟರೆ ಪ್ರಶಸ್ತಿ ತೆಗೆದುಕೊಳ್ಳುತ್ತಾನೋ ಇಲ್ಲವೋ, ಅವನು ಹೇಳಿಲ್ಲ. ನನ್ನನ್ನು ಕ್ಷಮಿಸುತ್ತೇನೆ ಎಂದೂ ಹೇಳಿಲ್ಲ. ಕೇಳುವ ಧೈರ್ಯ ನನಗಿಲ್ಲ.

ಬಾಗಲೂರಿನ ಆ ಟೀ ಅಂಗಡಿ ಇನ್ನೂ ಇದೆ. ಅವನ ತಂದೆಯ ಜೊತೆ ಕೂರುತ್ತಿದ್ದ ಹಿರಿಯರು ಒಂದಿಬ್ಬರು ಈಗಲೂ ಬೆಳಿಗ್ಗೆ ಅಲ್ಲಿಗೆ ಬರುತ್ತಾರಂತೆ. ಈ ಭಾನುವಾರ ಹೋಗುತ್ತಿದ್ದೇನೆ. ಅವರ ಗೆಳೆಯ ಯಾರ ಎದುರಿಗೂ ತಲೆ ತಗ್ಗಿಸಬೇಕಾಗಿರಲಿಲ್ಲ, ಅವರ ಹುಡುಗ ಏನನ್ನೂ ಮುಚ್ಚಿಟ್ಟಿರಲಿಲ್ಲ, ಮುಚ್ಚಿಟ್ಟವಳು ನಾನು ಎಂದು ಹೇಳಬೇಕು. ಕೇಳಬೇಕಾಗಿದ್ದವರು ಅಲ್ಲಿರುವುದಿಲ್ಲ.